ಸಹಿ ಮಾತ್ರ ನನ್ನದು

ಕೋದಂಡರಾಮಪ್ಪನವರು ಸಹಿ ಹಾಕುವುದನ್ನು ಕಲಿತದ್ದು ಮದುವೆಯಾದ ಮೇಲೆ. ಅಲ್ಲಿಯವರೆಗೆ ಹೆಬ್ಬೆಟ್ಟು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಅಪ್ಪನ ಜೊತೆ ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಮಣ್ಣು ತುಳಿಯಲು ನಿಂತವರು. ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು ಓದುತ್ತಿದ್ದರು, ಬರೆಯಲು ಮಾತ್ರ ಕೈ ಏಳುತ್ತಿರಲಿಲ್ಲ. ಸುಗಟೂರಿನಿಂದ ಬಂದ ಹೆಂಡತಿ ಶಾಮಲಮ್ಮ ಎಸ್ಸೆಸ್ಸೆಲ್ಸಿ ಪಾಸು. ಆಕೆ ಒಂದು ಬೇಸಿಗೆ ಪೂರ್ತಿ ಗಂಡನ ಕೈಗೆ ಬಳಪ ಕೊಟ್ಟು, ಸ್ಲೇಟಿನ ಮೇಲೆ ಒಂದೇ ಹೆಸರನ್ನು ತಿದ್ದಿಸಿದರು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು, ಇಡೀ ಹೆಸರಿನ ಕೆಳಗೆ ಗೆರೆ ಹಾಕುವುದು ಮಾತ್ರ ರಾಮಪ್ಪನವರದೇ ಕಲ್ಪನೆ. ಬ್ಯಾಂಕಿನ ಕ್ಲಾರ್ಕು ಅದನ್ನು ನೋಡಿ, "ಏನ್ ರಾಮಪ್ಪ, ಸಹಿಗೆ ಬಾಲ ಬೇರೆ ಬೆಳ್ಸಿದೀಯ" ಎಂದು ತಮಾಷೆ ಮಾಡಿದ್ದನಂತೆ. ಅವರು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದರು.

ಎಂಬತ್ತಾರರಲ್ಲಿ ಸ್ವಂತ ಗೂಡು ಹಾಕಿದರು. ಹತ್ತು ವರ್ಷ ಇಟ್ಟಿಗೆ ಸುಟ್ಟರು. ಮಾಲೂರಿನಲ್ಲಿ ಕಲ್ಲೆಸೆದರೆ ಇಟ್ಟಿಗೆ ಗೂಡಿಗೇ ಬೀಳುವಷ್ಟು ಗೂಡುಗಳಾದ ಮೇಲೆ, ತೊಂಬತ್ತಾರರಲ್ಲಿ ನೆಲದ ಹೆಂಚಿಗೆ ತಿರುಗಿದರು. ಅಂಗೈ ಅಗಲದ, ಒಂಬತ್ತಿಂಚು ಉದ್ದದ, ಕೈಯಲ್ಲಿ ಒತ್ತಿದ ಕೆಂಪು ಹೆಂಚು. ಕೆರೆಯ ಹೂಳಿನ ಮಣ್ಣು, ನೀಲಗಿರಿ ಸೌದೆ, ಮೂರು ದಿನದ ಉರಿ. ಫ್ಯಾಕ್ಟರಿಗೆ ಹೆಂಡತಿಯ ಹೆಸರನ್ನೇ ಇಟ್ಟರು: ಶಾಮಲಾ ಕ್ಲೇ ವರ್ಕ್ಸ್.

ಬೆಂಗಳೂರಿನ ಆರ್ಕಿಟೆಕ್ಟ್ ಚಿತ್ರಾ ಅವರ ಕಣ್ಣಿಗೆ ಈ ಹೆಂಚು ಬಿದ್ದದ್ದು ತೊಂಬತ್ತೊಂಬತ್ತರಲ್ಲಿ. ಇಂಥ ಹೆಂಚು ಕೇಳುವವರು ಗೋವಾದಲ್ಲಿದ್ದಾರೆ, ಕೇರಳದಲ್ಲಿದ್ದಾರೆ, ಅವರಿಗೆಲ್ಲ ಮಾಲೂರು ಎಲ್ಲಿದೆ ಅಂತಲೇ ಗೊತ್ತಿಲ್ಲ, ಒಂದು ವೆಬ್‌ಸೈಟ್ ಮಾಡಿಸಿ ಎಂದು ಆಕೆ ಹೇಳಿದರು. ರಾಮಪ್ಪನವರು ತಮಗೆ ತಿಳಿಯದ ಎಲ್ಲ ವಿಷಯಗಳನ್ನೂ ಒಯ್ಯುತ್ತಿದ್ದದ್ದು ಒಬ್ಬರ ಹತ್ತಿರ, ತಮ್ಮ ಲೆಕ್ಕ ಬರೆಯುವ ಮುಳಬಾಗಿಲಿನ ವಿದ್ಯಾಧೀಶ ರಾಯರ ಹತ್ತಿರ. ರಾಯರು, "ನಮ್ ತಂಗಿ ಮಗ ಮಾಧವ ಕೋಲಾರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದಾನಲ್ಲ, ಅವನೇ ಮಾಡ್ಕೊಡ್ತಾನೆ" ಎಂದರು. ಮರುವರ್ಷ ಮಾಧವ್ ಮಾಡಿಕೊಟ್ಟ. ವೆಬ್‌ಸೈಟಿನ ಹೆಸರನ್ನು ಅಮೆರಿಕದ ಯಾವುದೋ ಕಂಪನಿಯಲ್ಲಿ ನೋಂದಾಯಿಸಿದ. ಮಾಲೀಕರ ಜಾಗದಲ್ಲಿ ಶಾಮಲಾ ಕ್ಲೇ ವರ್ಕ್ಸ್ ಎಂದು ಬರೆದ, ಸಂಪರ್ಕಕ್ಕೆ ತನ್ನ ಈಮೇಲ್ ಕೊಟ್ಟ, ಪಾಸ್‌ವರ್ಡ್ ತಾನೇ ಇಟ್ಟುಕೊಂಡ. ಯಾರೂ ಕೇಳಲಿಲ್ಲ. ಹೊಲ ಕೊಳ್ಳುವಾಗ ಪಹಣಿ ಯಾರ ಹೆಸರಿಗಿದೆ, ಮ್ಯುಟೇಶನ್ ಆಗಿದೆಯೇ, ಪಕ್ಕದ ಬದುವಿನವರ ತಕರಾರೇನು ಎಂದು ಮೂರು ತಲೆಮಾರು ಅಗೆದು ನೋಡುವ ಜನ, ಈ ಹೆಸರು ಯಾರ ಕೈಯಲ್ಲಿದೆ ಎಂದು ಒಂದು ಮಾತು ಕೇಳಲಿಲ್ಲ. ಕೇಳಬೇಕು ಎಂದು ಹೇಳಿಕೊಟ್ಟವರೂ ಇರಲಿಲ್ಲ. ವೆಬ್‌ಸೈಟ್ ಮಾರುವವರಿಗೆ ಮಾರುವುದಷ್ಟೇ ಗೊತ್ತಿತ್ತು.

ಇನ್ನೊಂದು ಪದ್ಧತಿ ಇತ್ತು. ಅದು ರಾಮಪ್ಪನವರೊಬ್ಬರದಲ್ಲ, ಕೋಲಾರದಿಂದ ಮುಳಬಾಗಿಲವರೆಗೆ ಅಂಗಡಿ, ಮಂಡಿ, ಮಿಲ್ಲು ಇಟ್ಟ ಅರ್ಧಕ್ಕರ್ಧ ಜನರದು. ಪ್ರತಿ ಏಪ್ರಿಲ್ ಮೊದಲ ವಾರ ರಾಯರು ಮಾಲೂರಿಗೆ ಬರುವರು. ಆ ದಿನ ಶಾಮಲಮ್ಮ ಇಪ್ಪತ್ತು ಹಾಳೆ ಹೊಸ ಲೆಟರ್‌ಹೆಡ್‌ಗಳನ್ನು ದೇವರ ಮುಂದಿಟ್ಟು, ಒಂದೊಂದಕ್ಕೂ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಇಡುವರು. ರಾಮಪ್ಪನವರು ಇಪ್ಪತ್ತರ ಕೆಳಗೂ ಬಾಲದ ಸಹಿ ಹಾಕುವರು. ಮೇಲೆ ಏನೂ ಬರೆದಿರುತ್ತಿರಲಿಲ್ಲ. ತೆರಿಗೆ ಆಫೀಸಿನಲ್ಲಿ ಯಾವಾಗ ಯಾವ ಕಾಗದ ಕೇಳುತ್ತಾರೋ, ಒಂದೊಂದು ಸಹಿಗೂ ಮುಳಬಾಗಿಲಿನಿಂದ ಮಾಲೂರಿಗೆ ಎರಡು ಬಸ್ಸು ಬದಲಾಯಿಸಿ ಬರಲಾಗುತ್ತದೆಯೇ? ರಾಯರು ಅಗತ್ಯ ಬಿದ್ದಾಗ ಮೇಲೆ ಟೈಪ್ ಮಾಡಿಸಿ ಕೊಡುತ್ತಿದ್ದರು. ಹದಿನೈದು ವರ್ಷದಲ್ಲಿ ಒಂದು ಹಾಳೆಯೂ ತಪ್ಪು ದಾರಿ ಹಿಡಿದಿರಲಿಲ್ಲ.

ಎರಡು ಸಾವಿರದ ನಾಲ್ಕು, ನವೆಂಬರ್. ಗೂಡಿಗೆ ಬೆಂಕಿ ಇಟ್ಟು ಎರಡನೇ ದಿನ. ರಾಮಪ್ಪನವರ ಮಗಳು ಅನಿತ ಆಫೀಸಿನಲ್ಲಿದ್ದಳು. ಬಿ.ಕಾಂ. ಮುಗಿಸಿ ಅಪ್ಪನ ಜೊತೆಗೇ ನಿಂತವಳು, ಆಫೀಸಿನ ಕಂಪ್ಯೂಟರು ಅವಳದೇ. ಚಿತ್ರಾ ಅವರ ಫೋನು ಬಂತು. ಅಪ್ಪನನ್ನು ಕರೆಯಿರಿ ಎಂದರು. ದನಿ ಎಂದಿನಂತಿರಲಿಲ್ಲ.

"ರಾಮಪ್ಪನವ್ರೇ, ಕೊಯಮತ್ತೂರಿನವ್ರಿಗೆ ಏನ್ ಕಳಿಸಿದೀರಿ?"

"ಕೊಯಮತ್ತೂರಿಗೆ ನಾನೇನೂ ಕಳಿಸಿಲ್ವಲ್ಲಮ್ಮ."

"ನಾನು ಹೇಳಿದ್ದಕ್ಕೇ ಅವರು ನಿಮ್ ವೆಬ್‌ಸೈಟ್ ನೋಡಿ ಆರ್ಡರ್ ಕೊಟ್ಟಿದಾರೆ. ಮೆಷಿನ್ ಟೈಲ್ಸ್ ಬಂದಿದೆ. ಮೇಲೆ ಕೆಂಪು ಬಣ್ಣ ಬಳಿದು ಕಳಿಸಿದೀರ. ನೆಲ ಒರೆಸಿದ್ರೆ ಬಟ್ಟೆಗೆ ಹತ್ತುತ್ತಂತೆ."

ಬಣ್ಣ ಬಳಿದ ಹೆಂಚು ಎಂಬ ಮಾತೇ ರಾಮಪ್ಪನವರಿಗೆ ಬೈಗುಳದಂತೆ ಕೇಳಿತು. ಅನಿತ ಅಷ್ಟರಲ್ಲಿ ವೆಬ್‌ಸೈಟ್ ತೆರೆದಿದ್ದಳು. ಎಲ್ಲವೂ ಹಾಗೇ ಇತ್ತು. ಅದೇ ಹೆಸರು, ಅದೇ ಗೂಡು, ತಲೆಯ ಮೇಲೆ ಹೆಂಚು ಹೊತ್ತು ನಗುತ್ತಿದ್ದ ಕೆಲಸದಾಕೆ ದೊಡ್ಡಮುನಿಯಮ್ಮನ ಅದೇ ಫೋಟೋ. ಕೆಳಗಿನ ಫೋನ್ ನಂಬರ್ ಮಾತ್ರ ಅವರದಲ್ಲ. ಗಡಿಯಾಚೆ ತಮಿಳುನಾಡಿನದು. ವೆಬ್‌ಸೈಟ್ ನೋಡಿದವರು ಬರೆದ ಈಮೇಲ್‌ಗಳೂ ಆಗಸ್ಟಿನಿಂದ ಬೇರೆ ಯಾರಿಗೋ ಹೋಗುತ್ತಿದ್ದವು. ಮೂರು ತಿಂಗಳಿನಿಂದ ಹೊರಗಿನ ವಿಚಾರಣೆ ಕಡಿಮೆಯಾದದ್ದು ಮಳೆಗಾಲಕ್ಕೆ ಎಂದುಕೊಂಡಿದ್ದರು.

ಚಿತ್ರಾ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ, ಅವರ ಮಾತು ಖಡಾಖಂಡಿತವಾಗಿತ್ತು. "ನೋಡಿ, ಒಂದು ಶಾಲೆ ಕಟ್ತಿದೀನಿ. ಅರವತ್ತು ಸಾವಿರ ಹೆಂಚು ಬೇಕು. ನಿಮ್ಮದೇ ಅಂತ ಮನಸ್ಸಲ್ಲಿಟ್ಕೊಂಡಿದ್ದೆ. ಆದ್ರೆ ಟ್ರಸ್ಟಿನವ್ರು ಮೊದಲು ಕಂಪ್ಯೂಟರ್ ತೆಗೆದು ನೋಡ್ತಾರೆ. ಅಲ್ಲಿ ಯಾವನೋ ಫೋನ್ ಎತ್ತಿದ್ರೆ ನಾನೇನು ಹೇಳ್ಲಿ? ಮಾರ್ಚ್ ಕೊನೆಗೆ ನಕ್ಷೆ ಕೊಡಬೇಕು. ಅಷ್ಟರೊಳಗೆ ನಿಮ್ ಹೆಸರು ನಿಮ್ ಕೈಗೆ ತಗೊಳ್ಳಿ."

ದೊಡ್ಡಮುನಿಯಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಒಳಗೆ ಬಗ್ಗಿ ತನ್ನ ಫೋಟೋ ನೋಡಿದಳು. "ಹಂಗಾದ್ರೆ ಅಲ್ಲೂ ನಾನೇ ಹೊರ್ತಾ ಇದೀನಾ? ಆ ಕೂಲಿ ಯಾರ್ ಕೊಡ್ತಾರೆ ಕೇಳಮ್ಮ ಅನಿತ" ಎಂದಳು. ಯಾರೂ ನಗದಿದ್ದುದನ್ನು ಕಂಡು, ಸೆರಗು ಸಿಂಬೆ ಮಾಡಿ ತಲೆಗಿಟ್ಟುಕೊಂಡು ಹೊರಟುಹೋದಳು.

ಅನಿತ ಅಮೆರಿಕದ ಕಂಪನಿಗೆ ಕಾಗದ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಮೂರನೆಯದಕ್ಕೆ ಉತ್ತರ ಬಂದಾಗ ಡಿಸೆಂಬರ್ ನಡು. ನಿಮ್ಮ ಸಂಸ್ಥೆಯ ಲೆಟರ್‌ಹೆಡ್ ಮೇಲೆ, ಮಾಲೀಕರ ಸಹಿಯೊಂದಿಗೆ ಫ್ಯಾಕ್ಸ್ ಬಂದಿತ್ತು, ಅದರಂತೆ ಹೆಸರನ್ನು ವರ್ಗಾಯಿಸಿದ್ದೇವೆ, ಪ್ರತಿ ಲಗತ್ತಿಸಿದೆ. ಅಷ್ಟೇ. ನಾಲ್ಕು ವರ್ಷ ಒಬ್ಬನ ಹೆಸರಲ್ಲಿದ್ದುದನ್ನು ಇನ್ನೊಬ್ಬನಿಗೆ ಕೊಡುವ ಮುನ್ನ ಒಂದು ಫೋನ್ ಮಾಡಿ ಕೇಳುವ ಪುರುಸೊತ್ತು ಅವರಿಗಿರಲಿಲ್ಲ. ಫೋನಿನ ನಂಬರು ಅದೇ ಲೆಟರ್‌ಹೆಡ್ಡಿನ ತಲೆಯ ಮೇಲೇ ಅಚ್ಚಾಗಿತ್ತು.

ಅನಿತ ಪ್ರತಿಯನ್ನು ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟಳು. "ಯಾರೋ ನಿಮ್ ಸಹಿ ಕಾಪಿ ಹೊಡ್ದಿದಾರೆ ಅಪ್ಪ."

ರಾಮಪ್ಪನವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಕಾಪಿ ಅಲ್ಲ ಕಣೇ. ಇದು ನಾನೇ ಹಾಕಿದ್ದು."

"ನೀವೆಲ್ಲಿ ಹಾಕಿದ್ರಿ?"

ಅಷ್ಟರಲ್ಲಿ ಶಾಮಲಮ್ಮ ಹಾಳೆ ಎತ್ತಿಕೊಂಡರು. ಸಹಿಯ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಹಾಳೆಯ ನಾಲ್ಕು ಮೂಲೆಗೂ ಬೆರಳ ತುದಿಯಷ್ಟು ಕಪ್ಪು ಚುಕ್ಕೆಗಳಿದ್ದವು. ಕುಂಕುಮ ಫ್ಯಾಕ್ಸಿನಲ್ಲಿ ಕಪ್ಪಾಗಿ ಬಂದಿತ್ತು. ಅದರಲ್ಲೂ ಬಲಗಡೆಯ ಕೆಳಗಿನ ಮೂಲೆಯದು ಸ್ವಲ್ಪ ಅಂಚಿಗೆ ಸರಿದಿತ್ತು. ಆಕೆಯ ಕೈ ಯಾವಾಗಲೂ ಅಲ್ಲಿ ಸಹಿಗೆ ಜಾಗ ಬಿಡುತ್ತಿತ್ತು.

"ರಾಯ್ರಿಗೆ ಕೊಟ್ಟ ಕಂತೇದು" ಎಂದು ಆಕೆ ಹಾಳೆಯನ್ನು ಮೇಜಿನ ಮೇಲಿಟ್ಟರು. ಯಾರೂ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ರಾಮಪ್ಪನವರು ಮುಳಬಾಗಿಲಿಗೆ ಹೊರಟರು. ವಕ್ಕಲೇರಿ ದಾರಿಯ ಬಸ್ಸು, ಕೋಲಾರದಲ್ಲಿ ಇಳಿದು ಮತ್ತೊಂದು ಬಸ್ಸು. ದಾರಿಯುದ್ದಕ್ಕೂ ರಾಯರನ್ನು ಹೇಗೆ ಕೇಳುವುದು ಎಂಬುದೇ ಯೋಚನೆ. ಹದಿನೈದು ವರ್ಷ ನಮ್ಮ ಮನೆಯಲ್ಲಿ ಬಾಳೆಎಲೆ ಹಾಕಿಸಿಕೊಳ್ಳದೆ, ಬರೀ ಹಾಲು ಹಣ್ಣು ತೆಗೆದುಕೊಂಡು, ಆದರೆ ಒಂದು ದಿನವೂ ಒಂದು ಕಾಸು ಹೆಚ್ಚು ಕೇಳದೆ ಲೆಕ್ಕ ಬರೆದ ಮನುಷ್ಯ. ನೀವು ಕಳ್ಳರೇ ಎಂದು ಕೇಳುವುದಕ್ಕೆ ಯಾವ ಮಾತು ಬಳಸಬೇಕೋ ರಾಮಪ್ಪನವರಿಗೆ ತಿಳಿಯಲಿಲ್ಲ.

ಕೇಳುವ ಅಗತ್ಯವೂ ಬೀಳಲಿಲ್ಲ. ರಾಯರು ಫ್ಯಾಕ್ಸಿನ ಪ್ರತಿ ನೋಡಿದವರೇ ಜಗುಲಿಯ ಮೇಲೆ ಕುಳಿತುಬಿಟ್ಟರು. ಎಪ್ಪತ್ತರ ಹತ್ತಿರದವರು, ಒಮ್ಮೆಲೇ ಇನ್ನೂ ಹತ್ತು ವರ್ಷ ಹೆಚ್ಚಾದಂತೆ ಕಂಡರು.

"ಜುಲೈನಲ್ಲಿ ಮಾಧವ ಬಂದಿದ್ದ ರಾಮಪ್ಪ. ವೆಬ್‌ಸೈಟ್ ರಿನ್ಯೂವಲ್ ಮಾಡ್ಬೇಕು ಮಾವ, ರಾಮಪ್ಪನವರ ಎರಡು ಲೆಟರ್‌ಹೆಡ್ ಕೊಡಿ ಅಂದ. ಕೊಟ್ಟೆ. ಅವನು ಕೇಳಿದ್ದು ಕೊಡಿ ಅಂತ ನೀವೇ ಹೇಳಿದ್ರಲ್ಲ."

"ಹೇಳಿದ್ದೆ ಸ್ವಾಮಿ."

"ನಾನು ಓದ್ಲಿಲ್ಲ. ಖಾಲಿ ಹಾಳೇಲಿ ಓದೋದೇನಿರುತ್ತೆ?"

ಒಳಗೆ ಕರೆದುಕೊಂಡು ಹೋಗಿ ಬೀರು ತೆಗೆದು ತೋರಿಸಿದರು. ರಾಮಪ್ಪನವರು ಅದನ್ನು ಮೊದಲ ಸಲ ನೋಡಿದ್ದು. ದಾರ ಕಟ್ಟಿದ ಕಂತೆಗಳು. ಮುಳಬಾಗಿಲಿನ ಎಣ್ಣೆ ಗಾಣ, ಕೋಲಾರದ ರೇಷ್ಮೆ ಅಂಗಡಿ, ಶ್ರೀನಿವಾಸಪುರದ ಮಾವಿನ ಮಂಡಿಗಳು, ಒಂದು ಸಾ ಮಿಲ್ಲು, ಎರಡು ಕಲ್ಯಾಣ ಮಂಟಪ. ಮೂವತ್ತೆಂಟು ಜನರ ಹೆಸರು ಮೇಲೆ, ಸಹಿ ಕೆಳಗೆ, ನಡುವೆ ಏನೂ ಇಲ್ಲ. ಜಮೀನು ಬರೆದುಕೊಳ್ಳಬಹುದಿತ್ತು, ಸಾಲ ಬರೆದುಕೊಳ್ಳಬಹುದಿತ್ತು. ಮೂವತ್ತು ವರ್ಷ ಆ ಬೀರುವಿಗೆ ಬೀಗ ಕೂಡ ಇರಲಿಲ್ಲ. ರಾಯರ ನಿಯತ್ತೇ ಬೀಗ. ಒಬ್ಬ ಮನುಷ್ಯನ ಒಳ್ಳೆಯತನವನ್ನು ಬೀಗವಾಗಿ ಬಳಸಿ ಎಲ್ಲರೂ ಹಾಯಾಗಿ ಮಲಗಿದ್ದರು. ಆ ಒಳ್ಳೆಯ ಮನುಷ್ಯನಿಗೂ ಒಬ್ಬ ತಂಗಿ ಇದ್ದಳು, ಆ ತಂಗಿಗೊಬ್ಬ ಮಗನಿದ್ದ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇಬ್ಬರೂ ಕೋಲಾರಕ್ಕೆ ಹೋದರು. ಕಂಪ್ಯೂಟರ್ ಸೆಂಟರ್ ಮುಚ್ಚಿತ್ತು. ಮಾಧವ್ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ತೆರೆದಿದ್ದ. ಸೋದರಮಾವನನ್ನು ಕಂಡು ಎದ್ದು ನಿಂತ, ರಾಮಪ್ಪನವರನ್ನು ಕಂಡು ಮತ್ತೆ ಕೂತ.

"ಏನಪ್ಪ ಮಾಧವ, ನಮ್ ಹೆಸ್ರು ಮಾರ್ಬಿಟ್ಯಾ?"

"ಮಾರಿದ್ದೇನ್ ಬಂತು ಅಂಕಲ್. ನಾಲ್ಕು ವರ್ಷದಿಂದ ನಾನೇ ನೋಡ್ಕೋತಿದ್ದೆ. ನೀವು ಒಂದು ದಿನ ತೆಗೆದು ನೋಡಿದೀರಾ? ಸೆಂಟರ್ ನಡೀತಿರ್ಲಿಲ್ಲ. ಆ ತಮಿಳುನಾಡಿನ ಟೈಲ್ಸ್‌ನವ್ರು ಬಂದು ಕೇಳಿದ್ರು, ಕೊಟ್ಟೆ."

"ಅದು ನಿಂದಾ ಕೊಡೋಕೆ?"

"ಸಹಿ ನಿಮ್ದೇ ಇದೆಯಲ್ಲ. ಬಲವಂತ ಮಾಡಿ ಹಾಕಿಸ್ಕೊಂಡ್ನಾ?"

ರಾಯರು ಕೈ ಎತ್ತಿದರು. ಹೊಡೆಯುತ್ತಾರೇನೋ ಎಂದುಕೊಂಡರು ರಾಮಪ್ಪ. ಕೈ ಹಾಗೇ ಇಳಿಯಿತು. "ನಿಮ್ಮಮ್ಮಂಗೆ ಏನ್ ಹೇಳ್ಲಿ ನಾನು" ಎಂದರು ರಾಯರು.

"ಏನೂ ಹೇಳ್ಬೇಡಿ ಮಾವ. ಒಂದು ವೆಬ್‌ಸೈಟಿಗೆ ಇಷ್ಟು ದೊಡ್ದು ಮಾಡ್ಬೇಡಿ. ಇನ್ನೊಂದು ಹೆಸ್ರಲ್ಲಿ ಮಾಡ್ಕೊಡ್ತೀನಿ, ದುಡ್ಡೂ ಬೇಡ."

ಅವನ ಮಾತಿನಲ್ಲಿ ಮೋಸ ಮಾಡಿದ ಅಳುಕೇ ಇರಲಿಲ್ಲ. ರಾಮಪ್ಪನವರನ್ನು ಹಿಂದಿರುಗುವ ದಾರಿಯುದ್ದಕ್ಕೂ ತಿಂದದ್ದು ಅದೇ. ಗೂಡಿನಿಂದ ನಾಲ್ಕು ಹೆಂಚು ಕದ್ದವನೂ ಕಣ್ಣು ತಗ್ಗಿಸುತ್ತಾನೆ. ಇವನಿಗೆ ಕದ್ದದ್ದೇ ಕಾಣುತ್ತಿರಲಿಲ್ಲ, ಏಕೆಂದರೆ ಅದಕ್ಕೆ ತೂಕವಿರಲಿಲ್ಲ.

ಠಾಣೆಗೂ ಹೋದರು. ದೂರು ಬರೆಯುವಾತ ಒಳ್ಳೆಯವನೇ, ಕುರ್ಚಿ ಕೊಟ್ಟ. ಕಳುವಾದ ವಸ್ತು ಏನು, ಎಲ್ಲಿಟ್ಟಿದ್ದಿರಿ, ಬಾಗಿಲು ಮುರಿದಿದ್ದಾರೆಯೇ ಎಂದು ಕೇಳಿದ. ಹೆಸರು ಎಂದರು. "ಯಾರ ಹೆಸರು?" ಎಂದ. "ನಮ್ಮ ಮನೆಯವ್ರದು" ಎಂದರು. ಅವನು ಪೆನ್ನು ಕೆಳಗಿಟ್ಟು, ಮೊದಲು ಒಬ್ಬ ವಕೀಲರನ್ನು ನೋಡಿಕೊಂಡು ಬನ್ನಿ ಎಂದ.

ಮಾಲೂರಿನ ವಕೀಲರು ಅಮೆರಿಕದ ಕಂಪನಿಯ ಕಾಗದಗಳನ್ನೆಲ್ಲ ಅನಿತಳಿಂದ ಓದಿಸಿ ಕೇಳಿದರು. ದಾರಿ ಸುಲಭವಿತ್ತು. ಆ ಫ್ಯಾಕ್ಸಿನ ಸಹಿ ನನ್ನದಲ್ಲ, ಯಾರೋ ಖೋಟಾ ಮಾಡಿದ್ದಾರೆ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿ ಕಳಿಸಿದರೆ ಹೆಸರನ್ನು ವಾಪಸು ಕೊಡುವುದಾಗಿ ಕಂಪನಿಯೇ ಬರೆದಿತ್ತು.

"ಆದ್ರೆ ಸಹಿ ನಂದೇ ಅಲ್ವಾ ಸಾರ್."

"ರಾಮಪ್ಪ, ಅಮೆರಿಕದಿಂದ ಯಾರೂ ಬಂದು ನಿಮ್ ಬಾಲ ಅಳತೆ ಮಾಡಲ್ಲ. ನನ್ನದಲ್ಲ ಅನ್ನಿ, ಮುಗೀತು."

"ನಂದಲ್ಲ ಅಂದ್ರೆ ಇಲ್ಲಿ ಏನಾಗುತ್ತೆ?"

"ಖೋಟಾ ಅಂದ್ಮೇಲೆ ಖೋಟಾ ಮಾಡಿದವ್ನೊಬ್ಬ ಬೇಕಾಗುತ್ತೆ. ಆ ಹಾಳೆ ಇದ್ದದ್ದು ಯಾರ್ ಹತ್ರ? ರಾಯ್ರ ಹತ್ರ. ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ ಮೊದಲು ಅವರನ್ನ ಕರೀತಾರೆ. ಹಾಕ್ಲಿಕ್ಕಿಲ್ಲ ಬಿಡಿ."

ಮನೆಯಲ್ಲಿ ಜಗಳವಾಯಿತು. ಅನಿತ ಮೊದಲ ಸಲ ಅಪ್ಪನ ಎದುರು ದನಿ ಎತ್ತಿದಳು. "ಅವ್ರೆಲ್ಲ ಸುಳ್ಳೇ ಹೇಳಿರೋದು. ನೀವು ಒಂದ್ ಸುಳ್ಳು ಹೇಳಿದ್ರೆ ನಿಮ್ದು ನಿಮಗೆ ಬರುತ್ತೆ. ಬೇರೆಯವ್ರ ಆಸ್ತಿ ಕೇಳ್ತಿದೀವಾ?"

"ಅವ್ಳು ಹೇಳೋದ್ರಲ್ಲಿ ತಪ್ಪೇನಿದೆ?" ಎಂದರು ಶಾಮಲಮ್ಮ. "ನನ್ ಹೆಸ್ರು ಯಾರ್ಯಾರದೋ ಅಂಗ್ಡೀಲಿ ಕೂತಿದೆ. ಕರ್ಕೊಂಬನ್ನಿ ಅಂದ್ರೆ ಧರ್ಮ ಹೇಳ್ತೀರ."

ರಾಮಪ್ಪನವರ ಹತ್ತಿರ ಧರ್ಮವೇನೂ ಇರಲಿಲ್ಲ. ಸುಸ್ತು ಇತ್ತು. ಸ್ಲೇಟಿನ ಮೇಲೆ ಒಂದು ಬೇಸಿಗೆ ಪೂರ್ತಿ ತಿದ್ದಿದ ಅಕ್ಷರಗಳನ್ನು ನನ್ನದಲ್ಲ ಎಂದು ಮತ್ತೊಂದು ಕಾಗದದ ಮೇಲೆ ಬರೆದು, ಅದರ ಕೆಳಗೆ ಮತ್ತೆ ಅದೇ ಸಹಿ ಹಾಕಬೇಕು. ಅದು ಹೇಗೆ ಸಾಧ್ಯ?

ಅದೇ ವಾರ ರಾಯರೇ ಮಾಲೂರಿಗೆ ಬಂದರು. ಬಸ್ಸಿನಲ್ಲಿ ನಿಂತು ಬಂದಿದ್ದರಿಂದ ಕಾಲು ಊದಿತ್ತು. ಹಾಲನ್ನೂ ಮುಟ್ಟಲಿಲ್ಲ.

"ವಕೀಲರು ಹೇಳಿದಂಗೆ ಬರ್ಕೊಡಿ ರಾಮಪ್ಪ. ನಿಮ್ಮದಲ್ಲ ಅಂತ್ಲೇ ಬರ್ಕೊಡಿ. ಮುಂದೆ ಏನಾದ್ರೂ ಬಂದ್ರೆ ನನ್ ತಲೆ ಮೇಲೆ ಬರ್ಲಿ. ಇನ್ನೆಷ್ಟು ದಿನ ಇರ್ತೀನಿ."

"ಹಾಳೆ ಕೊಟ್ಟೋನು ನಾನು ಸ್ವಾಮಿ. ಖಾಲಿ ಕೊಟ್ಟೆ. ಅದಕ್ಕೆ ನಿಮ್ಮನ್ನ ಕಟಕಟೆ ಹತ್ತಿಸ್ಲಾ?"

"ಹತ್ತಿಸಲ್ಲ, ನಾನೇ ಹತ್ತುತೀನಿ ಅಂತಿದೀನಲ್ಲ."

"ಈ ಕಾಲಲ್ಲಿ ಮೆಟ್ಲೇ ಹತ್ತೋಕಾಗಲ್ಲ ನಿಮ್ಗೆ" ಎಂದರು ರಾಮಪ್ಪ. ರಾಯರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಜನವರಿಯಲ್ಲಿ ಅಫಿಡವಿಟ್ ಆಯಿತು. ವಕೀಲರು ತಲೆ ಚಚ್ಚಿಕೊಳ್ಳುತ್ತಲೇ ಬರೆದರು: ಸಹಿ ನನ್ನದು. ಹಾಳೆ ನನ್ನದು. ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟದ್ದು ನನ್ನ ತಪ್ಪು. ಅದರ ಮೇಲೆ ಬರೆದಿರುವುದು ನಾನು ಬರೆದದ್ದಲ್ಲ, ಬರೆಯಿಸಿದ್ದಲ್ಲ, ನನಗೆ ತಿಳಿಸಿಯೂ ಇಲ್ಲ. ಅನಿತ ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದಳು. ಮಾಧವನ ಹೆಸರು ಬರೆದರು. ರಾಯರ ಹೆಸರನ್ನು ರಾಮಪ್ಪನವರು ಬರೆಯಿಸಲಿಲ್ಲ.

ಫೆಬ್ರವರಿ ಹೋಯಿತು. ಚಿತ್ರಾ ಎರಡು ಸಲ ಫೋನ್ ಮಾಡಿ ಕೇಳಿದರು. ಇಷ್ಟರಲ್ಲಿ ರಾಯರು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದರು. ಮೂವತ್ತೆಂಟು ಕಂತೆಗಳನ್ನೂ ಚೀಲಕ್ಕೆ ತುಂಬಿಕೊಂಡು ಮಾಲೀಕರಿಗೆ ಹಿಂದಿರುಗಿಸಲು ಹೊರಟರು. ಕಾಲು ನೋವಿನ ಮನುಷ್ಯನೊಬ್ಬರನ್ನೇ ಬಿಡಲಾರದೆ ರಾಮಪ್ಪನವರೂ ಎರಡು ದಿನ ಜೊತೆಗೆ ಹೋದರು. ಯಾರಿಗೂ ಅದು ಬೇಕಾಗಿರಲಿಲ್ಲ. ಶ್ರೀನಿವಾಸಪುರದ ಮಂಡಿಯಲ್ಲಿ ವೆಂಕಟರಾಯಪ್ಪ ಎಂಬವರು ಕಂತೆಯನ್ನು ಮುಟ್ಟಲೇ ಇಲ್ಲ.

"ಇದ್ಯಾಕೆ ಸ್ವಾಮಿ ವಾಪಸ್ ತಂದ್ರಿ? ಮಾವಿನ ಸೀಜನ್ನಲ್ಲಿ ನಾನೆಲ್ಲಿ ಸಹಿ ಹಾಕ್ತಾ ಕೂರ್ಲಿ? ನಿಮ್ ಹತ್ರನೇ ಇರ್ಲಿ."

ರಾಮಪ್ಪನವರು ತಮ್ಮ ಕಥೆ ಹೇಳಿದರು. ವೆಂಕಟರಾಯಪ್ಪ ಕೊನೆಯವರೆಗೂ ಕೇಳಿ, "ಅಯ್ಯೋ ಪಾಪಮು" ಎಂದರು. ಟೀ ತರಿಸಿದರು. ಹೊರಡುವಾಗ ಕಂತೆಯನ್ನು ತಾವೇ ಎತ್ತಿ ರಾಯರ ಚೀಲಕ್ಕೆ ಹಾಕಿದರು. ಎರಡು ದಿನ ಸುತ್ತಿದ್ದಕ್ಕೆ ಒಂಬತ್ತು ಜನ ಮಾತ್ರ ತೆಗೆದುಕೊಂಡರು. ಉಳಿದ ಇಪ್ಪತ್ತೊಂಬತ್ತನ್ನೂ ರಾಯರು ಮುಳಬಾಗಿಲಿನ ಮನೆಯ ಹಿತ್ತಲಲ್ಲಿ, ಬಚ್ಚಲ ಒಲೆಗೆ ಹಾಕಿದರು. ಆಮೇಲೆ ಲೆಕ್ಕ ಬರೆಯುವುದನ್ನೂ ನಿಲ್ಲಿಸಿದರು. ಆ ಇಪ್ಪತ್ತೊಂಬತ್ತು ಜನ ಬೇರೊಬ್ಬ ಲೆಕ್ಕದವರನ್ನು ಹುಡುಕಿಕೊಂಡು, ಏಪ್ರಿಲ್‌ನಲ್ಲಿ ಮತ್ತೆ ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಟ್ಟರು.

ಕಂಪನಿಯ ಉತ್ತರ ಬಂದದ್ದು ಮಾರ್ಚ್ ಹದಿನೇಳಕ್ಕೆ. ನಾಲ್ಕು ಸಾಲು. ಸಹಿ ತಮ್ಮದೇ ಎಂದು ತಾವೇ ಒಪ್ಪಿರುವುದರಿಂದ ವರ್ಗಾವಣೆ ಊರ್ಜಿತ. ಬೇಕಾದರೆ ಅಲ್ಲಿಯ ನ್ಯಾಯಾಲಯಕ್ಕೆ ಹೋಗಬಹುದು. ಮಾಲೂರಿನ ಹೆಂಚಿನವನು ಅಮೆರಿಕದ ಕೋರ್ಟಿಗೆ ಯಾವ ಬಸ್ಸು ಹಿಡಿದು ಹೋಗಬೇಕು ಎಂಬುದನ್ನು ಬರೆದಿರಲಿಲ್ಲ. ಸುಳ್ಳು ಹೇಳಿದ್ದರೆ ಕೊಡುತ್ತಿದ್ದರು, ನಿಜ ಹೇಳಿದ್ದರಿಂದ ಕೊಡಲಿಲ್ಲ. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದರ ಅರ್ಥ ಬೇರೆಯಾಗಲಿಲ್ಲ.

ಚಿತ್ರಾಗೆ ರಾಮಪ್ಪನವರೇ ಫೋನ್ ಮಾಡಿ ತಿಳಿಸಿದರು. "ನಿಮ್ಮನ್ನ ನಂಬ್ತೀನಿ ರಾಮಪ್ಪನವ್ರೇ. ಆದ್ರೆ ಟ್ರಸ್ಟಿನವ್ರಿಗೆ ನಂಬಿಕೆ ತೋರಿಸೋಕೆ ನನ್ ಹತ್ರ ಏನೂ ಇಲ್ವಲ್ಲ" ಎಂದರು. ಶಾಲೆಯ ನೆಲಕ್ಕೆ ಬೇರೆ ಕಡೆಯ ಹೆಂಚು ಹೋಯಿತು.

ಅನಿತ ತಡಮಾಡಲಿಲ್ಲ. ಹೊಸ ಹೆಸರೊಂದನ್ನು ಹುಡುಕಿ ತಾನೇ ನೋಂದಾಯಿಸಿದಳು. ಕೋದಂಡ ಕ್ಲೇ. ಈ ಸಲ ಮಾಲೀಕರ ಜಾಗದಲ್ಲೂ ಅಪ್ಪ, ಈಮೇಲೂ ಅಪ್ಪನದು. ಪಾಸ್‌ವರ್ಡನ್ನು ತಾನು ಮತ್ತು ಅಪ್ಪ ಇಬ್ಬರೇ ಬಾಯಿಪಾಠ ಮಾಡಿದರು, ಎಲ್ಲೂ ಬರೆದಿಡಲಿಲ್ಲ. ಹೆಸರನ್ನು ಯಾರೂ ಎತ್ತಿಕೊಂಡು ಹೋಗದಂತೆ ಬೀಗ ಹಾಕುವ ಒಂದು ವ್ಯವಸ್ಥೆ ಮೊದಲಿನಿಂದಲೂ ಇತ್ತಂತೆ, ಕೇಳಿದರೆ ಹಾಕಿಕೊಡುತ್ತಾರಂತೆ. ಅದನ್ನೂ ಹಾಕಿಸಿದಳು. ಕೇಳದವರಿಗೆ ಹೇಳುವುದಿಲ್ಲವಂತೆ. ಶಾಮಲಮ್ಮ ಹೊಸ ಬೋರ್ಡು ನೋಡಿ, "ನನ್ನ ಇಳಿಸಿ ನೀವು ಹತ್ತಿದ್ರಾ" ಎಂದರು.

ಜೂನ್‌ನಲ್ಲಿ ಒಂದು ಮಧ್ಯಾಹ್ನ ಅನಿತ ಬ್ಯಾಂಕಿಗೆ ಹೋಗಿದ್ದಾಗ ಫೋನು ಬಂತು. ಮಂಗಳೂರಿನವರು. ಹೊಸ ವೆಬ್‌ಸೈಟ್ ನೋಡಿದರಂತೆ, ಹೆಂಚು ಚೆನ್ನಾಗಿ ಕಂಡಿತಂತೆ.

"ಆದ್ರೆ ಒಂದು ವಿಷಯ. ಶಾಮಲಾ ಕ್ಲೇ ವರ್ಕ್ಸ್ ಅಂತ ಇನ್ನೊಂದಿದೆ, ಅದೂ ಮಾಲೂರೇ. ಫೋಟೋ ಎಲ್ಲ ನಿಮ್ಮದರ ಹಾಗೇ ಇದೆ. ಅವರ ಹೆಂಚು ಸರಿಯಿಲ್ಲ ಅಂತ ಕೇಳಿದೆ. ಅವರೂ ನೀವೂ ಒಂದೇನಾ?"

ರಾಮಪ್ಪನವರು ಕಿಟಕಿಯ ಆಚೆ ನೋಡಿದರು. ಮಳೆ ಬರುವ ಮುನ್ನ ಹೆಂಚು ಒಳಗೆ ಸಾಗಿಸುವ ಗಡಿಬಿಡಿ ನಡೆದಿತ್ತು. ಹತ್ತೊಂಬತ್ತು ವರ್ಷದ ಕಥೆಯನ್ನು ಗುರುತಿಲ್ಲದ ಒಬ್ಬರಿಗೆ ಎಲ್ಲಿಂದ ಹೇಳಲು ತೊಡಗುವುದು?

"ಇಲ್ಲ ಸಾರ್" ಎಂದರು. "ಅದು ನಾವಲ್ಲ."

"ಹಾಗಾದ್ರೆ ಸರಿ" ಎಂದು ಆತ ಹೆಂಚಿನ ಅಳತೆ, ದರ ಎಲ್ಲ ಕೇಳಿದರು. ರಾಮಪ್ಪನವರು ಹೇಳಿದರು. ಸ್ಯಾಂಪಲ್ ಕಳಿಸಿ ಎಂದರು. ಕಳಿಸುತ್ತೇನೆಂದರು.

ದೊಡ್ಡಮುನಿಯಮ್ಮ ನೀರು ಕುಡಿಯಲು ಬಂದವಳು ಬಾಗಿಲಲ್ಲಿ ನಿಂತಿದ್ದಳು. "ಯಾರಣ್ಣ?"

"ಮಂಗಳೂರಿನವ್ರು. ಶಾಮಲಾ ಅಂದ್ರೆ ನೀವೇನಾ ಅಂದ್ರು."

"ಏನಂದ್ರಿ?"

"ಅಲ್ಲ ಅಂದೆ."

ಅವಳು ಚೊಂಬು ಕೆಳಗಿಟ್ಟು ಅವರ ಮುಖ ನೋಡಿದಳು. ಆಫೀಸಿಗೆ ಅಂಟಿಕೊಂಡ ಮನೆಯೊಳಗಿನಿಂದ ಶಾಮಲಮ್ಮ ಒಗ್ಗರಣೆ ಹಾಕುವ ಸದ್ದು ಕೇಳುತ್ತಿತ್ತು. "ಮೆಲ್ಲಗೆ ಮಾತಾಡಿ" ಎಂದಳು ದೊಡ್ಡಮುನಿಯಮ್ಮ, "ಅಕ್ಕಂಗೆ ಕೇಳ್ಸುತ್ತೆ."

ರಾಮಪ್ಪನವರು ಎದ್ದು, ಸ್ಯಾಂಪಲ್ಲಿಗೆ ನಾಲ್ಕು ಹೆಂಚು ಆರಿಸಲು ಗೂಡಿನ ಕಡೆ ಹೋದರು.